ದೋಣಿಗೆ ಮೂರನೆಯವನು

ಮಾರ್ಚ್ 2, ಶನಿವಾರ

ದೋಣಿಯ ತಳ ಉಜ್ಜಿದೆ. ಪಾಚಿ ಹೋಯಿತು, ಜೊತೆಗೆ ಬೆನ್ನೂ ಹೋಯಿತು. ಅಲ್ಯೂಮಿನಿಯಂ ಈಗ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದೆ. ಗೆಳೆಯ ಕತ್ತರಿ (ಕ್ಷೌರದಂಗಡಿಯವನಿಗೆ ನಾನಿಟ್ಟ ಹೆಸರು) ಬರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಜಾಸ್ತಿಯಂತೆ. ಸಂಜೆ ಹೋಗಿ ನೋಡಿದರೆ ಕ್ಷೌರದ ಕುರ್ಚಿ ಖಾಲಿ. ಒಬ್ಬ ಹೊಸಬನ ಜೊತೆ ಟೀ ಕುಡಿಯುತ್ತ ಕೂತಿದ್ದಾನೆ. ದಪ್ಪ ಕನ್ನಡಕದವನು, ಸರ್ವೆ ಇಲಾಖೆಯಿಂದ ನಿವೃತ್ತ. ಮಾತೆಲ್ಲ ಕೆರೆಯದೇ. ನಮ್ಮ ಕೆರೆ.

ಇಷ್ಟು ವರ್ಷ ಆ ದೋಣಿಯಲ್ಲಿ ನಾವಿಬ್ಬರೇ. ಮೀನು ಎಲ್ಲಿದೆ ಎಂದು ನಾನು ಹೇಳಬೇಕು, ಗಾಳ ಅವನು ಹಾಕಬೇಕು. ಕತ್ತರಿಗೆ ಈಜು ಬಾರದು. ನಾನಿದ್ದೇನೆ ಎಂದೇ ನೀರಿಗೆ ಬರುವವನು...

ಮಾರ್ಚ್ 5

ಆ ದಪ್ಪ ಕನ್ನಡಕ ನಮ್ಮ ದೋಣಿಗೆ ಉಡುಗೊರೆ ಕೊಟ್ಟಿದ್ದಾನೆ. ಫಿಶ್ ಫೈಂಡರ್. ಅಂಗೈ ಅಗಲದ ಪರದೆ, ಒಂದು ವೈರು, ವೈರಿನ ತುದಿಗೆ ಸೋಪಿನಷ್ಟು ದೊಡ್ಡ ಕರಿ ತುಂಡು. ಟ್ರಾನ್ಸ್‌ಡ್ಯೂಸರ್. ದೋಣಿಯ ಹಿಂಬದಿಗೆ ಕೂರಿಸಬೇಕು. ನೀರೊಳಗೆ ಸದ್ದು ಕಳಿಸುತ್ತದಂತೆ, ಅದು ತಳಕ್ಕೆ ಬಡಿದು ವಾಪಸು ಬಂದರೆ ಆಳ ಎಷ್ಟು, ಮೀನು ಎಲ್ಲಿ ಎಂದು ಪರದೆ ಹೇಳುತ್ತದಂತೆ.

ಅಂದರೆ ನನ್ನ ಕೆಲಸ.

ಅದನ್ನು ಕೂರಿಸಿಕೊಡುವವನೂ ನಾನೇ. ಪೈಪ್ ಫಿಟ್ಟರ್ ಅಲ್ಲವೇ. ನಿನ್ನ ಕೈಯಲ್ಲೇ ಆಗಬೇಕು ಎಂದು ಕತ್ತರಿ ಬೆಣ್ಣೆ ಹಚ್ಚಿದ. ಮನೆಗೆ ಬಂದು ಹೇಳಿದರೆ ಇವಳು ನಕ್ಕಳು.

"ಎರಡು ಜಡೆ ಕೂಡಲ್ಲ ಅಂತಾರೆ. ಮೂರು ಮೀಸೆ ಕೂಡಿದ್ದನ್ನ ಯಾರು ನೋಡಿದ್ದಾರೆ?"

ನನಗೆ ಹೊಟ್ಟೆಕಿಚ್ಚು ಎನ್ನುವುದು ಇವಳ ಇಂಗಿತ. ಏನೇನೂ ಇಲ್ಲ.

ಮಾರ್ಚ್ 9, ಶನಿವಾರ

ಕೂರಿಸಿದೆ. ದೋಣಿಯನ್ನು ಕತ್ತರಿಯ ಹಿತ್ತಿಲಲ್ಲಿ ಬೋರಲು ಹಾಕಿಕೊಂಡು ಕೆಲಸ. ಮೋಟಾರಿನ ರೆಕ್ಕೆಯಿಂದ ದೂರ ಇರಬೇಕು, ತಳಕ್ಕಿಂತ ಒಂದು ಕೂದಲು ಕೆಳಗಿರಬೇಕು, ಮುಂದೆ ರಿವೆಟ್ ಸಾಲು ಅಡ್ಡ ಬರಬಾರದು — ಬಂದರೆ ನೀರುಗುಳ್ಳೆ ಎದ್ದು ಪರದೆ ಕುರುಡು. ಇದೆಲ್ಲ ಗೊತ್ತಿದ್ದೂ ಮೊದಲ ತೂತನ್ನೇ ರಿವೆಟ್ ಸಾಲಿನ ಹಿಂದೆ ಕೊರೆದೆ. ಕಿವಿ ಪೂರ್ತಿ ಜಗಲಿಯ ಕಡೆ. ಅಲ್ಲಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಏನು ಜೋಕೋ. ನಾನು ಹೋದ ಕೂಡಲೇ ನಿಂತಿತು.

ಪಕ್ಕಕ್ಕೆ ಸರಿಸಿ ಬೇರೆ ತೂತು ಕೊರೆದೆ. ಸೀಲೆಂಟ್ ತುಂಬಿ ಸ್ಕ್ರೂ ಬಿಗಿದೆ. ವೈರು ಮೇಲಕ್ಕೆ ಎಳೆದು ಕಟ್ಟಿದೆ. ಚಂದ ಕೂತಿದೆ ಎಂದು ಕನ್ನಡಕ ಹೊಗಳಿದ. ಅವನ ಹೊಗಳಿಕೆ ಯಾರಿಗೆ ಬೇಕಿತ್ತು?

ನಾಳೆ ಬಾ ಎಂದು ಕತ್ತರಿ ಕರೆದ. ಕೆಲಸ ಇದೆ ಎಂದೆ. ಇನ್ನೊಮ್ಮೆ ಕರೆಯುತ್ತಾನೆ ಅಂದುಕೊಂಡಿದ್ದೆ... ಕರೆಯಲಿಲ್ಲ.

ಮಾರ್ಚ್ 10, ಭಾನುವಾರ, ಬೆಳಗ್ಗೆ

ಹಲ್ಲುಜ್ಜುವಾಗ ನೆನಪಾಯಿತು. ಆ ಮೊದಲ ತೂತು. ಮುಚ್ಚಿಲ್ಲ. ವೈರಿನ ಹಿಂದೆ ಮರೆಯಾಗಿದೆ, ನೀರಿನ ಮಟ್ಟಕ್ಕಿಂತ ಕೆಳಗೆ.

ಫೋನ್ ಕೈಗೆತ್ತಿಕೊಂಡೆ. ಇಟ್ಟೆ. ಸಣ್ಣ ತೂತು. ನೀರು ನಿಧಾನಕ್ಕೆ ಬರುತ್ತದೆ. ಸರ್ವೆ ಸಾಹೇಬರ ಬೂಟು ಒದ್ದೆಯಾಗಲಿ. ಕೆರೆಯ ಆಳ ಯಂತ್ರ ಹೇಳುತ್ತದಲ್ಲ, ದೋಣಿಯೊಳಗಿನ ಆಳವನ್ನೂ ಹೇಳಲಿ.

ತಿಂಡಿ ಬಿಟ್ಟು ಎದ್ದು, ಫೋನನ್ನು ಮತ್ತೆ ನೋಡಿದೆ.

ಅದೇ ದಿನ, ಸಂಜೆ

ಕೊನೆಗೆ ಫೋನ್ ಮಾಡಿದೆ. ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರೆ ಸ್ವಿಚ್ ಆಫ್. ಚಪ್ಪಲಿಯನ್ನೂ ಮೆಟ್ಟದೆ ಸ್ಕೂಟರ್ ಹತ್ತಿದೆ. ದಡಕ್ಕೆ ಮುಟ್ಟುವ ಹೊತ್ತಿಗೆ ದೋಣಿ ಬರುತ್ತಿತ್ತು — ಹಿಂಬದಿ ಕುಸಿದು, ಮೋಟಾರು ನಿಂತು, ಕತ್ತರಿ ಹುಟ್ಟು ಹಾಕುತ್ತ, ಕನ್ನಡಕ ಟೋಪಿಯಲ್ಲಿ ನೀರು ಮೊಗೆಯುತ್ತ. ತೂತಿಗೆ ಕರವಸ್ತ್ರ ಹರಿದು ಬೆಂಕಿಕಡ್ಡಿಯಿಂದ ತುರುಕಿದ್ದಾರೆ. ದಡಕ್ಕೆ ಕಾಲಿಟ್ಟವರೇ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ನಿಲ್ಲಿಸಲಾಗದ ನಗು.

ದೇವರಿಗೆ ಕೈ ಮುಗಿಯಬೇಕಿತ್ತು. ನಾನು ಯೋಚಿಸಿದ್ದು ಬೇರೆ. ಮುಳುಗಿಸಲು ಹೋಗಿ ಇವರಿಬ್ಬರಿಗೆ ಜನ್ಮಕ್ಕಾಗುವಷ್ಟು ಗೆಳೆತನ ಕಟ್ಟಿಕೊಟ್ಟೆ. ಇನ್ನು ಆ ಕಥೆ ಅವರದು. ಅದರಲ್ಲಿ ನಾನಿಲ್ಲ.

ಮಾರ್ಚ್ 24

ಬರೆಯಲು ಮನಸ್ಸಿರಲಿಲ್ಲ. ಗಡ್ಡ ಬೆಳೆದಿದೆ. ಬೇರೆ ಅಂಗಡಿಗೆ ಹೋಗಲು ಕಾಲು ಬರಲಿಲ್ಲ, ಅವನಲ್ಲಿಗೆ ಹೋಗಲು ಮುಖ ಇರಲಿಲ್ಲ. ಸುಟ್ಟ ಬದನೆಕಾಯಿಯ ಹಾಗೆ ಕಾಣ್ತೀರಿ, ಹೋಗಿ ಬನ್ನಿ ಎಂದಳು ಇವಳು.

ಮಾರ್ಚ್ 27

ಹೋದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕತ್ತರಿ ನೊರೆ ಹಚ್ಚಿದ. ಒಂದು ಕೆನ್ನೆ ಮುಗಿಸಿ ಗಂಟಲಿಗೆ ಬಂದಾಗ ಕೇಳಿದ.

"ಆ ತೂತು ನಿನಗೆ ಗೊತ್ತಿತ್ತಾ?"

ತಲೆ ಅಲ್ಲಾಡಿಸುವಂತಿರಲಿಲ್ಲ. "ಕೊರೆದಾಗ ಮರೆತೆ. ಬೆಳಗ್ಗೆ ನೆನಪಾಯ್ತು. ಫೋನ್ ತಡವಾಗಿ ಮಾಡಿದೆ."

ಕತ್ತಿ ನಿಂತಿತು. ಆಮೇಲೆ ಅದನ್ನು ಒರೆಸಿ ಇನ್ನೊಂದು ಕೆನ್ನೆಗೆ ಬಂದ. ಮುಖ ಒರೆಸಿಕೊಟ್ಟು, ಭಾನುವಾರ ಬರುತ್ತೀಯಾ ಎಂದು ಕೇಳಿದ.

"ಮೂವರಾ?" ಬಾಯಿಂದ ಬಂದೇಬಿಟ್ಟಿತು. ಹುಟ್ಟುಗುಣ.

ಕನ್ನಡಿಯಲ್ಲಿ ನನ್ನನ್ನೇ ನೋಡಿದ. "ಸಾಹೇಬ್ರಿಗೂ ಈಜು ಬರಲ್ಲ ಕಣೋ."

ಅಷ್ಟೇ ಹೇಳಿದ. ಮನೆಗೆ ಬಂದಾಗಿನಿಂದ ಒಂದೇ ಯೋಚನೆ. ಹಾಗಾದರೆ ಅವತ್ತು ದಡದಲ್ಲಿ, ಇಬ್ಬರೂ ಹಿಡಿದುಕೊಂಡು ನಕ್ಕ ಆ ನಗು ಗೆಳೆತನದ್ದಲ್ಲ, ಮುಳುಗದೆ ದಡ ಮುಟ್ಟಿದವರದು.