ಜವರಯ್ಯನ ಅಂಗೈ ಗಾಯ

ವಿರೋಧಿಕೃತ್ ಸಂವತ್ಸರ, ಮಾಘ ಶುದ್ಧ ಪಂಚಮಿ. ಶ್ರೀರಂಗಪಟ್ಟಣ.

ಇವತ್ತು ನಾನು ಸುಳ್ಳು ಹೇಳಬಹುದಿತ್ತು. ದಂಡಿನ ವಿಚಾರಣೆಯಲ್ಲಿ ಸಿಪಾಯಿ ಜವರಯ್ಯನ ಅಂಗೈ ತೋರಿಸಿ, ಇದು ಶತ್ರುವಿನ ಗುಂಡೋ, ದಂಡು ಬಿಡಲು ತಾನೇ ಹೊಡೆದುಕೊಂಡದ್ದೋ ಎಂದು ವೈದ್ಯನಾದ ನನ್ನನ್ನು ಕೇಳಿದರು. ಗಾಯದ ಸುತ್ತ ಚರ್ಮ ಸುಟ್ಟು, ಕೋವಿಮದ್ದಿನ ಕರಿ ಒಳಗಿಳಿದಿತ್ತು. ದೂರದ ಗುಂಡು ಹಾಗೆ ಸುಡುವುದಿಲ್ಲ. ಕಂಡದ್ದನ್ನು ಹೇಳಿದೆ. ನಾಳೆ ಬೆಳಿಗ್ಗೆ ಗಲ್ಲು ಎಂದರು.

ಸಂಜೆ ಕಾವಲುಮನೆಗೆ ಹೋದೆ. ಅವನು ಬೈಯಲಿಲ್ಲ.

"ನಿಜಾನೇ ಯೋಳಿದ್ರಿ, ಬುಡಿ ಪಂಡಿತ್ರೇ. ಎಂಡ್ತಿ ತುಂಬು ಬಸುರಿ. ಊರಿಗೋಗವಾ ಅಂತ ಇಂಗ್ಮಾಡ್ಕಂಡೆ. ಕೈ ಬಾಳ ಉರೀತದೆ."

ಗಾಯ ತೊಳೆದು, ತುಪ್ಪ ಸವರಿ, ಹೊಸ ಬಟ್ಟೆ ಕಟ್ಟಿದೆ. ಏಳುವಾಗ ಅಭ್ಯಾಸದಂತೆ, "ಎರಡು ದಿನ ನೀರು ಸೋಕಿಸಬೇಡಪ್ಪ" ಎಂದುಬಿಟ್ಟೆ.

"ಆಗ್ಲಿ" ಎಂದ.