ಎರಡು ದಿನದ ಪ್ಲೇಟು

ಮಾರ್ಚ್ 3, ಬೆಳಿಗ್ಗೆ 8
ರೋಗಾಣು ಬೆಳೆಸಿ ನೋಡುವ ಇಪ್ಪತ್ತೆಂಟು ಪ್ಲೇಟು ನೋಡಿ ಮುಗಿಸಿದೆ. ನಮ್ಮ ಲ್ಯಾಬಿನ ಪದ್ಧತಿ: ಎರಡು ದಿನ ಬೆಚ್ಚಗಿಟ್ಟು, ಏನೂ ಬೆಳೆಯದಿದ್ದರೆ ‘ಬೆಳವಣಿಗೆ ಇಲ್ಲ’ ಎಂದು ಬರೆದು ಕಸದ ಡಬ್ಬಿಗೆ. ಅದರಲ್ಲೊಂದು ಅಕ್ಕನ ಕಫದ್ದು. ನಾನೇ ಸಹಿ ಹಾಕಿ ಎಸೆದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮಾರ್ಚ್ 9
ಡಾಕ್ಟರು ಕ್ಷಯ ಎಂದರು. ಎಕ್ಸ್‌-ರೇ ಹಾಗೆ ಕಾಣುತ್ತದಂತೆ. ಅಕ್ಕ ಮಾತ್ರೆಗಳನ್ನು ನೋಡಿ ನಕ್ಕಳು. “ಇನ್ನು ಊಟನೇ ಬೇಡ ಕಣೆ, ಇದ್ರಲ್ಲೇ ಹೊಟ್ಟೆ ತುಂಬತ್ತೆ.”

ಏಪ್ರಿಲ್ 6
ಕೆಮ್ಮು ಕಡಿಮೆಯಿಲ್ಲ. ಜ್ವರವೂ ಹಾಗೇ. ಭಾವನಿಗೆ ನನ್ನ ಮೇಲೆ ಸಿಡುಕು — “ಆಸ್ಪತ್ರೆಲಿ ಕೆಲಸ ಮಾಡೋಳು ನೀನೊಬ್ಳು ಇದ್ದೂ ಏನು ಪ್ರಯೋಜನ?” ಮಾತಿಗೆ ಮಾತು ಬೆಳೆಸಿ ಬಂದೆ.
ಹೊಸ ಡಾಕ್ಟರಮ್ಮ ಇನ್ನೊಮ್ಮೆ ಕಫ ಕಳಿಸಿದ್ದಾರೆ. ಜೊತೆಗೆ ಚೀಟಿ: ‘ಎರಡು ವಾರ ಎಸೆಯಬೇಡಿ.’ ನಮಗೇ ಪಾಠ ಹೇಳಲು ಬಂದರು ಎಂದು ಗೊಣಗಿಕೊಂಡೇ ಒಳಗಿಟ್ಟೆ.

ಏಪ್ರಿಲ್ 12
ಆರನೇ ದಿನ. ಪ್ಲೇಟಿನ ಮೇಲೆ ಸುಣ್ಣದ ಪುಡಿ ಉದುರಿದಂತೆ ಬಿಳಿ ಚುಕ್ಕೆಗಳು. ಮುಚ್ಚಳ ತೆಗೆಯುವಾಗಲೇ ಒದ್ದೆ ಮಣ್ಣಿನ ವಾಸನೆ. ಮೈಕ್ರೋಸ್ಕೋಪಿನಲ್ಲಿ ಕವಲೊಡೆದ ಎಳೆಗಳು... ನೊಕಾರ್ಡಿಯಾ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಹನ್ನೊಂದು ವರ್ಷದಲ್ಲಿ ಪುಸ್ತಕದಲ್ಲಷ್ಟೇ ನೋಡಿದ್ದು. ಕ್ಷಯದ ಹಾಗೇ ಕಾಣುತ್ತದೆ, ಔಷಧಿ ಬೇರೆ. ನಿಧಾನಕ್ಕೆ ಬೆಳೆಯುತ್ತದೆ. ಎರಡು ದಿನಕ್ಕೆ ಕಣ್ಣಿಗೆ ಬೀಳುವುದಿಲ್ಲ.
ಎರಡು ದಿನಕ್ಕೆ ಎಸೆದವಳು ನಾನು. ಅಕ್ಕನ ನಲವತ್ತು ದಿನ ಹಾಳು ಮಾಡಿದೆ.

ಏಪ್ರಿಲ್ 14
ಅಕ್ಕ ಅಡ್ಮಿಟ್. ಸರಿಯಾದ ಔಷಧಿ ಶುರುವಾಗಿದೆ. ತಲೆನೋವು ಅಂದಳೆಂದು ಸ್ಕ್ಯಾನ್ ಮಾಡಿದರು — ಮಿದುಳಿಗೂ ಹಬ್ಬಿ ಕೀವು ಕಟ್ಟಿದೆ. ಬಲಗೈಯಲ್ಲಿ ಲೋಟ ನಿಲ್ಲುತ್ತಿಲ್ಲ.
ಆದರೂ ನರ್ಸಿನ ಮುಂದೆ ಜಂಬ. “ನನ್ ತಂಗಿನೇ ಕಂಡುಹಿಡಿದಿದ್ದು. ಮೊದಲ್ನೇ ಸಲ ಯಾರೋ ಕಾಟಾಚಾರಕ್ಕೆ ನೋಡಿರ್ಬೇಕು. ಇವಳಾಗಿದ್ರೆ ಬಿಡ್ತಿದ್ಳಾ?”
ತಲೆಯಾಡಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು.
ನಾಡಿದ್ದು ತಲೆಗೆ ಆಪರೇಷನ್. ಅಷ್ಟರೊಳಗೆ ಹೇಳಿಬಿಡಬೇಕು.

ಏಪ್ರಿಲ್ 16, ಬೆಳಿಗ್ಗೆ 7.10
ಥಿಯೇಟರಿನ ಹೊರಗಿನ ಬೆಂಚು. ಅಕ್ಕನನ್ನು ಈಗಷ್ಟೇ ಒಳಗೆ ಕರೆದೊಯ್ದರು.
ಅದಕ್ಕೆ ಮುಂಚೆ ಹೇಳಿದೆ. “ಮೊದಲ್ನೇದನ್ನ ಎಸ್ದಿದ್ದು ನಾನೇ, ಅಕ್ಕ.”
ನಿನ್ನೆ ಸಂಜೆಯಿಂದ ಅವಳಿಗೆ ಮಾತು ನಿಂತಿದೆ. ಕೇಳಿಸುತ್ತದೆ, ಅರ್ಥವೂ ಆಗುತ್ತದೆ ಎಂದಿದ್ದಾರೆ. ನನ್ನನ್ನೇ ನೋಡಿದಳು. ತುಟಿ ಎರಡು ಸಲ ಅಲ್ಲಾಡಿತು, ಏನೂ ಬರಲಿಲ್ಲ. ಅವಳ ಬಲಗೈ ನನ್ನ ಕೈಯೊಳಗಿತ್ತು. ಜಾರಿಹೋಯಿತು. ಶಕ್ತಿಯಿಲ್ಲದೆ ಜಾರಿತೋ, ಬೇಡವೆಂದು ಅವಳೇ ಎಳೆದುಕೊಂಡಳೋ, ಗೊತ್ತಾಗಲಿಲ್ಲ.