ಏಟು ತಾಗದ ಮುಖ

೧೨-೧-೧೯೫೮, ಭಾನುವಾರ

ಆರಕ್ಕೇ ಒಲೆ ಹೊತ್ತಿಸಿ ಆಯಿತು. ಬಿಸಿನೀರಿನ ಬಾನಿಯ ಮುಂದೆ ಇವರು, ಚರಕ ತಿರುಗಿಸಲು ನಾನು. ರೇಷ್ಮೆಗೂಡು ದಿಬ್ಬೂರಹಳ್ಳಿಯದು. ಎಳೆ ಸರಾಗವಾಗಿ ಬರುತ್ತಿದೆ.

ನಿನ್ನೆ ಚಿಕ್ಕಬಳ್ಳಾಪುರದ ಬಾಕ್ಸಿಂಗ್‌ನಲ್ಲಿ ಮತ್ತೆ ಸೋತು ಬಂದರು. ಮಿಲಿಟರಿ ಬಿಟ್ಟ ಮೇಲೆ ಇದು ಆರನೆಯದು. ಮುಖದ ಮೇಲೆ ಒಂದು ಗೀರಿಲ್ಲ!

"ಅಲ್ರೀ, ಬಾಕ್ಸಿಂಗ್ ಮಾಡಿದ್ರೋ, ಮದುವೆ ಊಟಕ್ಕೆ ಕೂತಿದ್ರೋ?"

"ಏಟು ತಿನ್ನೋಕೆ ಹೋಗಿರ್ಲಿಲ್ಲ ಕಣೇ."

"ಏಟಿಗೆ ಹೆದರ್ತಾರೆ ಅಂತ ಊರೆಲ್ಲ ಆಡ್ಕೋತಿದೆ" ಎಂದುಬಿಟ್ಟೆ. ಎಲುಬಿಲ್ಲದ ನಾಲಿಗೆ. ಇವರು ಬಾನಿಗೆ ಬಗ್ಗಿದರು. ಎಳೆ ಹಿಡಿದರು.

೧೪-೧-೧೯೫೮, ಸಂಕ್ರಾಂತಿ

ಎಳ್ಳು ಬೀರಲು ಹೋದಾಗ ಅಂಗಡಿಯಮ್ಮನ ಮನೆಯಲ್ಲಿ ಪೇಪರ್ ಸಿಕ್ಕಿತು. "ಚಿಂತಾಮಣಿಯ ಕೋನಪ್ಪನವರು ಎದುರಾಳಿಯನ್ನು ಪಾಯಿಂಟ್‌ಗಳ ಮೇಲೆ ಸೋಲಿಸಿದರು." ಅಷ್ಟೇ. ಎದುರಾಳಿ ಅಂದರೆ ಇವರು. ಇವರಿಗೆ ಅಪ್ಪ ಅಮ್ಮ ಹೆಸರಿಟ್ಟಿಲ್ಲವೇ?

ನನ್ನದು ಒಂದೇ ಆಸೆ. ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಹೇಳಿದರೆ ಆಯುಸ್ಸು ಕಡಿಮೆ ಎಂದು ಅಮ್ಮ ಹೆದರಿಸಿ ಕಳಿಸಿದ್ದಾಳೆ. ಪೇಪರಿನಲ್ಲಿ ಅಚ್ಚಾದರೆ ಬೆರಳಿಟ್ಟು ತೋರಿಸಬಹುದಲ್ಲ… ಇವರೇ ನಮ್ಮವರು ಅಂತ. ಒಂದೇ ಒಂದು ಸಲ.

೯-೨-೧೯೫೮, ಭಾನುವಾರ. ಸಂಜೆ

ಹಠ ಹಿಡಿದು ನಾನೂ ಹೋಗಿದ್ದೆ. ಚಿಕ್ಕಬಳ್ಳಾಪುರದ ಹೈಸ್ಕೂಲ್ ಮೈದಾನ, ಎದುರಿಗೆ ಅದೇ ಕೋನಪ್ಪ. ಆಳು ಎತ್ತಿನ ಹಾಗಿದ್ದಾನೆ. ಮೊದಲ ರೌಂಡ್ ಕಣ್ಣು ಮುಚ್ಚಿಕೊಂಡೇ ಕಳೆದೆ. ಎರಡನೆಯದಕ್ಕೆ ಒಂದು ಕಣ್ಣು ಬಿಟ್ಟೆ.

ಬಿಟ್ಟದ್ದೇ ಒಳ್ಳೆಯದಾಯಿತು. ಅವನ ಮುಷ್ಟಿ ಬರುತ್ತದೆ, ಇವರ ತಲೆ ಎರಡು ಬೆರಳಷ್ಟು ಪಕ್ಕಕ್ಕೆ. ಕಾಲು ಕದಲದು, ಕಣ್ಣು ಕದಲದು. ಮತ್ತೆ ಬರುತ್ತದೆ, ಮತ್ತೆ ಎರಡೇ ಬೆರಳು. ಅಯ್ಯೋ, ಇದನ್ನು ನಾನು ದಿನಾ ನೋಡುತ್ತೇನಲ್ಲ! ಬಾನಿಯ ಹಬೆ ಮುಖಕ್ಕೆ ನುಗ್ಗಿದಾಗ ಇವರು ಮಾಡುವುದೇ ಇದು. ಕೈ ನೀರಲ್ಲೇ, ಕಣ್ಣು ಎಳೆಯ ಮೇಲೇ, ತಲೆ ಮಾತ್ರ ಹಬೆಗೆ ದಾರಿ ಬಿಡುತ್ತದೆ. ಹತ್ತನೇ ವಯಸ್ಸಿನಿಂದ ಬಂದ ಅಭ್ಯಾಸ. ಹೊಡೆಯುವುದು ಮಿಲಿಟರಿಯವರು ಕಲಿಸಿದ್ದು. ಇದು ನಮ್ಮ ಒಲೆ ಕಲಿಸಿದ್ದು.

ಕೋನಪ್ಪ ಗಾಳಿಗೆ ಹೊಡೆದು ಹೊಡೆದು ಸುಸ್ತು. ಆದರೂ ಗೆದ್ದವನು ಅವನೇ, ಒಂದು ಪಾಯಿಂಟ್‌ನಿಂದ. ನುಗ್ಗುವವನಿಗೆ ಮಾರ್ಕು, ತಪ್ಪಿಸಿಕೊಳ್ಳುವವನಿಗೆ ಸೊನ್ನೆ. ಜನ "ಹೇಡಿ" ಎಂದು ಕೂಗಿದರು. ಬಸ್ಸಿನಲ್ಲಿ ಬರುವಾಗ ಇವರ ಕೈ ಹಿಡಿದುಕೊಂಡೆ. ಜನರ ಮುಂದೆಯೇ. ಬಿಸಿನೀರಿಗೆ ಸುಕ್ಕಾದ ಬೆರಳು. ಸಂಕ್ರಾಂತಿಗೆ ಮೊದಲು ಆಡಿದ ಮಾತು ನೆನೆದು ಅಳು ಬಂತು.

೨೩-೩-೧೯೫೮

ಇಂದು ಕೋನಪ್ಪ ಮನೆ ಬಾಗಿಲಿಗೇ ಬಂದ. ಜೊತೆಗೆ ಅವನ ತಾಯಿ ಆಂಜಿನಮ್ಮ.

"ಏಟು ಬೀಳದೋರ ಮನೆ ಯಾವ್ದು ಅಂತ ಕೇಳ್ಕೊಂಡ್ ಬಂದ್ವಿ ತಾಯೀ. ನಿಮ್ ಯಜಮಾನ್ರ ಹೆಸ್ರೇನಮ್ಮ?"

ನಾನು ನೆಲ ನೋಡಿದೆ. ಅರ್ಥವಾಗಿ ಅವಳಿಗೆ ನಗು ಬಂತು. ಅಷ್ಟರಲ್ಲಿ ಇವರು ಹೊರಗೆ ಬಂದರು, ಅವಳ ನಗು ನಿಂತಿತು.

"ನನ್ ಮಗ ಗೆಲ್ತಾನಮ್ಮ, ಗೆದ್ದೇ ಬರ್ತಾನೆ. ಬಂದು ತಲೆ ಹಿಡ್ಕೊಂಡು ಕೂತ್ಕೋತಾನೆ. ಮುದ್ದೆ ಮುರಿಯೋಕೂ ಕೈ ನಡುಗ್ತದೆ. ಗೆಲ್ಲೋದು ಬ್ಯಾಡ ಸ್ವಾಮಿ, ತಪ್ಪಿಸ್ಕೊಳೋದು ಹೇಳ್ಕೊಡಿ."

ಕೋನಪ್ಪ ತಲೆ ತಗ್ಗಿಸಿ ನಿಂತಿದ್ದ. ಇವರು ಅವನ ಭುಜ ಮುಟ್ಟಿ, "ನಾಳೆಯಿಂದ ಬಾರಪ್ಪ, ಒಲೆ ಹತ್ರ" ಎಂದರು.

೨೦-೪-೧೯೫೮

ಕೋನಪ್ಪನ ಮುಖ ಮೂಲಂಗಿಯಿಂದ ಬೀಟ್‌ರೂಟ್ ಆಗಿದೆ. ಹಬೆ ಬಂದರೆ ಆಳು ಪೂರ್ತಿ ಎದ್ದುಬಿಡುತ್ತಾನೆ, ಎಳೆ ಪಟ್ ಎಂದು ತುಂಡು.

"ಓಡ್ಬೇಡ್ವೋ. ಕೈ ಅಲ್ಲೇ ಇರ್ಲಿ, ಕಣ್ಣು ಅಲ್ಲೇ ಇರ್ಲಿ. ತಲೆ ಒಂದೇ ಹೋಗ್ಲಿ."

ಹಾಳಾದ ರೇಷ್ಮೆಗೆ ನಾನು ಗೊಣಗಲಿಲ್ಲ. ನಾನೇ! ಇವರಿಗೇ ಆಶ್ಚರ್ಯ.

೧೫-೬-೧೯೫೮. ಮಧ್ಯಾಹ್ನ ಮೂರು

ಕೋನಪ್ಪ ಬೆಂಗಳೂರಿನಲ್ಲಿ ಗೆದ್ದ. ಮುಖದ ಮೇಲೆ ಗೀರಿಲ್ಲ. ಬೆಳಿಗ್ಗೆ ತಾಯಿ ಮಗ ಬಂದಿದ್ದರು. ನಮ್ಮ ಮನೆಯಲ್ಲೇ ಊಟ. ಎರಡು ಮುದ್ದೆ ಮುರಿದ, ಕೈ ನಡುಗಲಿಲ್ಲ. ಆಂಜಿನಮ್ಮ ಅದನ್ನೇ ನೋಡುತ್ತ ತಾನು ಉಣ್ಣುವುದನ್ನೇ ಮರೆತಳು.

ಪೇಪರ್ ತಂದಿದ್ದ. ಪೇಪರಿನವರಿಗೆ ಇವರ ಹೆಸರು ಎರಡು ಸಲ ಹೇಳಿ ಬಂದೆ ಎಂದು ಆಣೆ ಇಟ್ಟ. ಅಚ್ಚಾದದ್ದು ಇಷ್ಟು: "ಶಿಡ್ಲಘಟ್ಟದ ರೇಷ್ಮೆ ಕೆಲಸಗಾರರೊಬ್ಬರಿಂದ ಕಲಿತೆನೆಂದು ಕೋನಪ್ಪನವರು ತಿಳಿಸಿದರು."

ಒಬ್ಬರು! ನನಗೆ ಮೈ ಉರಿಯಿತು. ಇವರು ನಕ್ಕು, "ಹೋಗ್ಲಿ ಬಿಡೇ, ಕೆಲಸದ ಹೆಸರಾದ್ರೂ ಬಂತಲ್ಲ" ಎಂದು ಅವರನ್ನು ಬಸ್ಸಿಗೆ ಬಿಡಲು ಹೋದರು.

ಬಿಡುವುದಿಲ್ಲ. ಇನ್ನು ಪೇಪರಿನವರನ್ನು ಕಾಯುವುದಿಲ್ಲ. ಬಾಯಲ್ಲಿ ಹೇಳಬಾರದು ಎಂದಳು ಅಮ್ಮ. ಬರೆಯಬಾರದು ಎನ್ನಲಿಲ್ಲ. ಐದು ತಿಂಗಳು ಈ ಪುಸ್ತಕದಲ್ಲಿ ನಾನೂ "ಇವರು, ಇವರು" ಎಂದೇ ಬರೆದಿದ್ದೇನೆ. ಪೇಪರಿನವರಿಗಿಂತ ನಾನೇನು ಹೆಚ್ಚು?

ಗಂಗುಲಪ್ಪ.

ಅಕ್ಷರ ತೆಳುವಾಯಿತು. ಇನ್ನೊಂದು ಸಲ, ದಪ್ಪಗೆ.

ಗಂಗುಲಪ್ಪ. ಶಿಡ್ಲಘಟ್ಟ. ಏಟು ಬೀಳದೋರು.

ಬಾಗಿಲ ಹತ್ತಿರ ಕೆಮ್ಮು. ಬಂದರು. ಈ ಪುಟ ತೆರೆದೇ ಇಡಲೇ? ಬೆರಳಿಟ್ಟು ತೋರಿಸಲೇ —